ಗಡಿಗೆ ಹೋದ ರಾಗಿಹಿಟ್ಟು

ದೇಶದ ಭದ್ರತೆಗೂ ಒಂದು ಚೀಲ ರಾಗಿಹಿಟ್ಟಿಗೂ ಇರುವ ಸಂಬಂಧವನ್ನು ಯಾವ ಇತಿಹಾಸಕಾರರೂ ಇದುವರೆಗೆ ಗಂಭೀರವಾಗಿ ಪರಿಶೀಲಿಸಿಲ್ಲ. ಆ ಕೊರತೆಯನ್ನು ನೀಗಿಸಿದವನು ಚೇಳೂರಿನ ರೇಣುಕಾಪ್ರಸಾದ್, ಗುಬ್ಬಿಯಲ್ಲಿ ಗುಮಾಸ್ತ.

ಸಹೋದ್ಯೋಗಿಗಳ ಜತೆ ಅಮೃತಸರಕ್ಕೆ ಪ್ರವಾಸ ಹೋದವನು, ಅಟ್ಟಾರಿ ಗಡಿಗೆ ನೀವೆಲ್ಲ ಟ್ಯಾಕ್ಸಿಯಲ್ಲಿ ಬನ್ನಿ, ನಾನು ಸೈಕಲ್ಲಿನಲ್ಲೇ ಬಂದು ನಿಮಗೂ ಸೀಟು ಹಿಡಿದಿರುತ್ತೇನೆ ಎಂದು ಜಂಬ ಕೊಚ್ಚಿದ್ದ. ಸಂಜೆ ಬಾವುಟ ಇಳಿಸುವ ಕವಾಯತು ತಪ್ಪಿದರೆ ನಿವೃತ್ತಿಯವರೆಗೂ ಆಫೀಸಿನಲ್ಲಿ ತಲೆಯೆತ್ತುವಂತಿರಲಿಲ್ಲ.

ಬೆಳಿಗ್ಗೆಯೇ ಹೊರಟ ಬಾಡಿಗೆ ಸೈಕಲ್ಲಿನ ಕ್ಯಾರಿಯರ್ ಮೇಲೆ ಪಕ್ಕದ ಮನೆಯ ಹನುಮಕ್ಕ ಕೊಟ್ಟ ಹಿಟ್ಟಿನ ಚೀಲವಿತ್ತು. ಆಕೆಯ ಮಗ ಬೀರಯ್ಯ ಸೈನ್ಯದಲ್ಲಿದ್ದ. ಯಾವ ಬಾರ್ಡರು ಎಂದು ರೇಣುಕಾಪ್ರಸಾದ್ ಊರಲ್ಲೇ ಆಕೆಯನ್ನು ವಿಚಾರಿಸಿದ್ದ.

"ಬಾರ್ಡರ್ ಅಂದ್ರೆ ಬಾರ್ಡರ್ ಕಣಪ್ಪ. ಚೇಳೂರಲ್ಲಿ ಯಾರ್ನ ಕೇಳಿದ್ರೂ ನಮ್ಮನೆ ತೋರ್ಸಲ್ವಾ? ಅಲ್ಲೂ ಹಂಗೇ ಕೇಳು."

ಹಳ್ಳ ಬಂದಾಗಲೆಲ್ಲ ಚೀಲ ಬಸ್ಸಿನಲ್ಲಿ ನಿದ್ದೆಹೋದ ಪಕ್ಕದ ಸೀಟಿನವನಂತೆ ಅವನ ಬೆನ್ನಿಗೆ ಒರಗುತ್ತಿತ್ತು. ಬಿಸಿಲು, ಎದುರುಗಾಳಿ, ಒಂದು ಪಂಕ್ಚರು. ದಾರಿಯಲ್ಲಿ ಕಂಡ ಸಮವಸ್ತ್ರದವರನ್ನೆಲ್ಲ ಬೀರಯ್ಯ ಗೊತ್ತೇ ಎಂದು ಕೇಳಿದ. ಯಾರಿಗೂ ಗೊತ್ತಿರಲಿಲ್ಲ.

ಸಂಜೆ ಗಡಿಯ ಗೇಟಿನಲ್ಲಿ ಕಾವಲಿನವರು ಚೀಲ ಒಳಗೆ ಬಿಡುವುದಿಲ್ಲ ಎಂದರು. ಸರಿ ಎಂದು ಅದನ್ನು ಗೋಡೆಗೆ ಒರಗಿಸಿ ನಾಲ್ಕು ಹೆಜ್ಜೆ ಇಟ್ಟ. ಸೀಟಿ ಮೊಳಗಿತು. ಜನ ಚೆದುರಿದರು. ನಾಯಿ ಬಂದು ಚೀಲ ಮೂಸಿ ಸೀನಿತು. ಇದು ಕಪ್ಪು ಹಿಟ್ಟು, ತಿನ್ನುವ ಪದಾರ್ಥ ಎಂದು ಅವನು ಗುಬ್ಬಿ ಹಿಂದಿಯಲ್ಲಿ ವಿವರಿಸಿದಷ್ಟೂ ಅಧಿಕಾರಿಯ ಹುಬ್ಬು ಮೇಲೇರಿತು. ಹಾಗಾದರೆ ತಿನ್ನಿ ಎಂದರು. ಒಣಹಿಟ್ಟು ಬಾಯಿಗೆ ಹಾಕಿಕೊಂಡ ಮೇಲೆ ಮುಂದಿನ ಯಾವ ಪ್ರಶ್ನೆಗೂ ನಾಲಿಗೆ ಹೊರಳಲಿಲ್ಲ.

ಕೊನೆಗೆ ಕನ್ನಡ ಬಲ್ಲವನೆಂದು ಅನಂತರಾಜು ಎಂಬ ಯೋಧನನ್ನು ಕರೆಸಿದರು. ರೇಣುಕಾಪ್ರಸಾದನ ಜಿಲ್ಲೆಯದೇ ಇನ್ನೊಂದು ತುದಿಯ ಹುಲಿಯೂರುದುರ್ಗದವನು. ಚಿಟಿಕೆ ಹಿಟ್ಟು ಮೂಸಿ ಅರೆಕ್ಷಣ ಕಣ್ಣು ಮುಚ್ಚಿದ. ಅಧಿಕಾರಿಗೆ ಏನೋ ಹೇಳಿದ. ಅವರು ನಕ್ಕು ರೇಣುಕಾಪ್ರಸಾದನನ್ನು ಬಿಟ್ಟುಬಿಟ್ಟರು.

"ಬೀರಯ್ಯ ಯಾರೋ ಕಾಣೆ ಅಣ್ಣ. ಇದನ್ನ ಮಾತ್ರ ವಾಪಸ್ ತಗೊಂಡೋಗ್ಬೇಡಿ. ಮುದ್ದೆ ಮುಖ ನೋಡಿ ಎಷ್ಟ್ ದಿನ ಆಯ್ತೋ."

ರೇಣುಕಾಪ್ರಸಾದ್ ಹನುಮಕ್ಕನಿಗೆ ಫೋನು ಮಾಡಿದ.

"ಯಾರ ಮಗ ಉಂಡ್ರೇನು, ಕೊಟ್ಬುಡು," ಎಂದಳು ಆಕೆ.

ಅಷ್ಟರಲ್ಲಿ ಕವಾಯತು ಮುಗಿದು, ಜೈಕಾರ ಹಾಕಿ ಗಂಟಲು ಕಟ್ಟಿಸಿಕೊಂಡ ಸಹೋದ್ಯೋಗಿಗಳು ಹೊರಬಂದರು. ಪಾಪ, ಅವನಿಗೇ ಒಂದು ಸೀಟು ಹಿಡಿದಿದ್ದರಂತೆ. ಟ್ಯಾಕ್ಸಿ ನಗುತ್ತಲೇ ಹೊರಟುಹೋಯಿತು. ಮರ್ಯಾದೆ ಹೋದರೂ ಅವನಿಗೆ ಅಷ್ಟೇನೂ ಬೇಜಾರಾಗಲಿಲ್ಲ. ಜೈಲು ತಪ್ಪಿತ್ತು, ಭಾರ ಇಳಿದಿತ್ತು, ಸೈಕಲ್ಲು ಹತ್ತಿಯಂತೆ ಹಗುರವಾಗಿತ್ತು.

ಪೆಡಲಿನ ಮೇಲೆ ಕಾಲಿಡುವಾಗ ಅನಂತರಾಜು ಓಡಿಬಂದ. ಎದೆಗವಚಿಕೊಂಡ ಡಬ್ಬದಲ್ಲಿ ಮಿಲಿಟರಿ ಕ್ಯಾಂಟೀನಿನಲ್ಲಿ ಕೊಂಡ ಹೊಸ ಕುಕ್ಕರಿತ್ತು. ಮದುವೆ ಮನೆಗೆ ಸಾಲುವಷ್ಟು ದೊಡ್ಡದು.

"ಹೆಂಗೂ ಊರ್ ಕಡೆ ಹೋಗ್ತಿದೀರಲ್ಲ ಅಣ್ಣ. ನಮ್ಮವ್ವನ ಕೈಗೇ ಕೊಡ್ಬೇಕು."

ಅವನೇ ಅದನ್ನು ಕ್ಯಾರಿಯರ್‌ಗೆ ಬಿಗಿಯಾಗಿ ಕಟ್ಟಿಕೊಟ್ಟ.

ಚೇಳೂರಿನಿಂದ ಹುಲಿಯೂರುದುರ್ಗಕ್ಕೆ ನೇರ ಬಸ್ಸಿಲ್ಲ.