ರೇವಣಸಿದ್ದಪ್ಪನವರು ರೊಟ್ಟಿ ಬಡಿದದ್ದು

"ರೊಟ್ಟಿ ಬಡಿಯೂದು ಏನು ಬ್ರಹ್ಮವಿದ್ಯೆನ? ನೀ ಸುಮ್ನ ಕೂಡು. ಇನ್ಮ್ಯಾಲೆ ಈ ಮನ್ಯಾಗ ರೊಟ್ಟಿ ನಂದು!"

ಬೆಂಗಳೂರಿನ ವಿಜಯನಗರದ ತಮ್ಮ ಮನೆಯ ಅಡುಗೆಮನೆ ಬಾಗಿಲಲ್ಲಿ ನಿಂತು ರೇವಣಸಿದ್ದಪ್ಪನವರು ಹೀಗೆ ಭೀಷ್ಮಪ್ರತಿಜ್ಞೆ ಮಾಡಿದಾಗ ಹೆಂಡತಿ ಜಯದೇವಿ ನಗಲಿಲ್ಲ. ನಗುವುದಕ್ಕೂ ಭುಜ ಅಲುಗಬೇಕಲ್ಲ! ಸುಂಕದಕಟ್ಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟು ಊರಿಗೆಲ್ಲ ಸುತ್ತಿಗೆ ಮಾರಿದ ಗಂಡಸು ಒಂದು ಹಿಡಿ ಜೋಳದ ಹಿಟ್ಟಿಗೆ ಹೆದರುವುದುಂಟೆ?

ಈ ಪ್ರತಿಜ್ಞೆಗೆ ಕಾರಣ ಫಿಸಿಯೋಥೆರಪಿಸ್ಟ್ ಸ್ಮೃತಿ. ಜಯದೇವಿಯ ಬಲಗೈಯನ್ನು ಮೆಲ್ಲಗೆ ಎತ್ತಿ, ಅವರು "ಅವ್ವಾ" ಎಂದಲ್ಲಿಗೆ ನಿಲ್ಲಿಸಿ, ಆ ಹುಡುಗಿ ಬಿಡಿಸಿ ಹೇಳಿದ್ದಳು. "ಆಂಟಿ, ಸ್ನಾಯುನ ಭುಜದ ಮೂಳೆಗೆ ಕಟ್ಟಿರೋ ಟೆಂಡನ್ ಊದಿಕೊಂಡಿದೆ. ಕೈ ಎತ್ತಿದಾಗೆಲ್ಲ ಮೇಲಿನ ಮೂಳೆಗೆ ತಿಕ್ಕುತ್ತೆ. ಐಸ್ ಇಡಿ, ನಾನು ಹೇಳಿಕೊಟ್ಟಷ್ಟು ವ್ಯಾಯಾಮ ಮಾಡಿ. ಹಾಗಂತ ಕೈ ಕಟ್ಟಿ ಹಾಕ್ಬೇಡಿ, ಭುಜ ಬಿಗಿದುಕೊಳ್ಳುತ್ತೆ. ರೊಟ್ಟಿ ಮಾತ್ರ ನಾನು ಹೇಳೋವರೆಗೂ ಬಡೀಬೇಡಿ. ಹರಿದು ಹೋದ್ರೆ ಆಪರೇಷನ್ ಬೇಕಾಗಬಹುದು."

ಆಪರೇಷನ್ ಎಂಬ ಮಾತಿಗೆ ರೇವಣಸಿದ್ದಪ್ಪನವರು ಹೆದರಿಬಿಟ್ಟಿದ್ದರು. ಮದುವೆಯಾದಾಗಿನಿಂದ ಎರಡು ಹೊತ್ತು ಬಿಸಿ ರೊಟ್ಟಿ ಬೇಕೆಂದು ಹಟ ಹಿಡಿದ ಮಹಾನುಭಾವರು ಅವರೇ. ಪ್ರತಿಜ್ಞೆಗೆ ಮುಂಚಿನ ವಾರವೆಲ್ಲ ಅಂಗಡಿಯ ರೊಟ್ಟಿಯಲ್ಲಿ ಕಳೆದಿತ್ತು. ಭಾನುವಾರ ಮಾತ್ರ ಕೆಂಗೇರಿಯಿಂದ ರೇವಣಸಿದ್ದಪ್ಪನವರ ಅಕ್ಕ ಗುರುದೇವಿ ಗಂಡನ ಜೊತೆ ಊಟಕ್ಕೆ ಬರುವವರಿದ್ದರು. ಅಕ್ಕನ ತಟ್ಟೆಗೆ ಅಂಗಡಿ ರೊಟ್ಟಿ ಹಾಕಿದರೆ ಸಂಜೆಯೊಳಗೆ ಸುದ್ದಿ ಹುಟ್ಟೂರು ಜಮಖಂಡಿ ಮುಟ್ಟುತ್ತದೆ. ಗಂಡನ ಕೈಲಿ ರೊಟ್ಟಿ ಮಾಡಿಸಿದಳೆಂದು ಗೊತ್ತಾದರಂತೂ ಮುಗಿಯಿತು, ಜಯದೇವಿ ಬೀಗರ ಮನೆಗಳಲ್ಲಿ ತಲೆ ಎತ್ತುವ ಹಾಗಿಲ್ಲ.

"ಬ್ಯಾಡ್ರಿ, ಒಂದು ಹೊತ್ತಿಂದು ನಾನೇ ಮಾಡ್ತೀನಿ."

"ಕೈ ಹರಕೊಂತೀಯೇನು? ಬಾಗಿಲಾ ಹಾಕ್ಕೊಂಡು ನಾ ಬಡೀತೀನಿ, ನೀ ಹೇಳ್ಕೊಡು. ಅಂಗಡಿಗೆ ಹೋಗ್ಯಾರ, ಬರ್ತಾರ ಅಂತ ಅಕ್ಕಗ ಹೇಳು."

ಅಕ್ಕ, ಮಾವ ಬಂದರು, ಹಾಲ್‌ನಲ್ಲಿ ಕೂತರು. ಒಳಗೆ ಕದನ ಶುರುವಾಯಿತು. ಹಿಟ್ಟಿಗೆ ಕುದಿಯುವ ನೀರು ಹಾಕಬೇಕೆಂದು ಜಯದೇವಿ ಹೇಳುವಷ್ಟರಲ್ಲಿ ನಲ್ಲಿ ನೀರು ಸುರಿದಾಗಿತ್ತು. ಮೊದಲನೇ ರೊಟ್ಟಿ ಬರಗಾಲದ ಹೊಲದಂತೆ ಬಿರಿಯಿತು. ಎರಡನೆಯದು ಹಂಚಿಗೆ ಹೋಗುವ ದಾರಿಯಲ್ಲೇ ಎರಡು ಹೋಳಾಯಿತು. ಮತ್ತೆ ಬಿಸಿನೀರಲ್ಲಿ ಕಲಸಿದ ಹಿಟ್ಟಿನ ಮೇಲೆ ರೇವಣಸಿದ್ದಪ್ಪನವರು ತೋಳೆತ್ತಿ ಬಡಿದರು.

"ಅಂಗೈಲೆ ಬಡೀರಿ, ಹೆಗಲೆತ್ತಬ್ಯಾಡ್ರಿ," ಜಯದೇವಿ ಪಿಸುಗುಟ್ಟಿದರು. ಕೇಳುವವರು ಯಾರು?

ಅಕ್ಕನಿಗೋ ಒಂದು ಖಯಾಲಿ. ಯಾರ ಮನೆಗೆ ಹೋದರೂ ಹಾಲ್‌ನಲ್ಲಿ ಕೂತೇ, ಒಳಗಿನ ರೊಟ್ಟಿಯ ಸಪ್ಪಳದ ಮೇಲೆ ಆ ಮನೆಯ ಹೆಂಗಸಿನ ಕೈಗುಣ ಅಳೆಯುವುದು. "ಜಯಾ," ಎಂದು ಕೂಗಿದರು. "ರೊಟ್ಟಿ ಬಡ್ಯಾಕತ್ತೀಯೋ, ಗ್ವಾಡಿ ಒಡ್ಯಾಕತ್ತೀಯೋ?"

"ಸರೀರಿ," ಎಂದು ಜಯದೇವಿ ಗಂಡನನ್ನು ತಳ್ಳಿ ಹಿಟ್ಟಿಗೆ ಕೈ ಹಾಕಿದರು. ಒಂದು ಏಟು ಬಿತ್ತು. ಎರಡನೆಯದಕ್ಕೆ ಎತ್ತಿದ ಕೈ ಅರ್ಧಕ್ಕೇ ನಿಂತು, ಮುಖ ಬಿಳಿಚಿಕೊಂಡಿತು. ರೇವಣಸಿದ್ದಪ್ಪನವರು ಗಾಬರಿಯಾಗಿ ಆ ಕೈ ಹಿಡಿದುಕೊಂಡರು. ಅದೇ ಹೊತ್ತಿಗೆ ಬಾಗಿಲು ತೆರೆಯಿತು.

ಅಂಗಡಿಗೆ ಹೋಗಿದ್ದ ತಮ್ಮ, ಮೊಣಕೈವರೆಗೆ ಹಿಟ್ಟು ಬಳಿದುಕೊಂಡು ಅಕ್ಕನ ಎದುರು ನಿಂತಿದ್ದ.

"ಅಕ್ಕಾ, ನೀ ಏನರ ಅನ್ನು, ನನಗ ಅನ್ನು," ರೇವಣಸಿದ್ದಪ್ಪನವರು ಹೆಂಡತಿಯ ಮುಂದೆ ಬಂದು ನಿಂತರು. "ಆಕಿ ಹೆಗಲಾಗ ಬಾವು ಬಂದೈತಿ. ಇನ್ನ ಬಡದ್ರ ಹರಿತೈತಂತ. ನನಗ ಅಂಜಿಕಿ ಆಗೇತಿ."

ಅಕ್ಕ ಹತ್ತಿರ ಬಂದು ಜಯದೇವಿಯ ಭುಜ ಮುಟ್ಟಿದರು. "ಇಲ್ಲೇ ಹಿಡಿತೈತಿ? ರಾತ್ರಿ ಈ ಮಗ್ಗಲ ಮಲಗಾಕ ಆಗಂಗಿಲ್ಲ?"

"ಹೂಂ ಅಕ್ಕಾರ. ನಿಮಗ ಹೆಂಗ ಗೊತ್ತು?"

"ಹೆಂಗ ಅಂದ್ರ? ಹ್ವಾದ ವರ್ಷದಿಂದ ನನಗ ತುರುಬು ಕಟ್ಕೊಳ್ಳಾಕ ಬರವಲ್ದು. ಯಾರ ಮುಂದ ಹೇಳ್ಲಿ? ನೀನರ ಏನಂತೀಯೋ ಅಂತ ಅಂಜಿ ಬಾಯಿ ಮುಚ್ಕೊಂಡು ಬಡ್ಕೋತ ಬಂದೆ." ಅಕ್ಕನ ಕಣ್ಣು ತುಂಬಿತ್ತು. ಮರುಕ್ಷಣವೇ ಹಾಲ್ ಕಡೆ ತಿರುಗಿದರು. "ಏನ್ರೀ, ಕೈ ತೊಳ್ಕೊಂಡು ಒಳಗ ಬರ್ರಿ."

ಊಟಕ್ಕೆ ಕರೆದರೆಂದು ಮಾವ ನಗುನಗುತ್ತಾ ಬಂದರು. ಒದ್ದೆ ಕೈಗೆ ಹಿಟ್ಟಿನ ಮುದ್ದೆ ಬಂತು. ಹೆಂಗಸರಿಬ್ಬರೂ ಫ್ಯಾನಿನ ಕೆಳಗೆ ಹೋಗಿ ಕೂತರು. ಎಂಥ ಆಕಾರದ ರೊಟ್ಟಿ ಬಂದರೂ ಉಣ್ಣುತ್ತೇವೆಂದು ಹೇಳಿಯೂ ಕಳಿಸಿದರು.

ಮರುದಿನ ನಾಲ್ವರೂ ಸ್ಮೃತಿಯ ಮುಂದೆ ಸಾಲಾಗಿ ಕೂತರು. ಅಕ್ಕನಿಗೂ ಅದೇ ಊತ, ಅದೇ ಪಥ್ಯ. ಜಯದೇವಿಯ ಟೆಂಡನ್ ಸದ್ಯ ಹರಿದಿರಲಿಲ್ಲ. ಕೊನೆಗೆ ರೇವಣಸಿದ್ದಪ್ಪನವರು ತಮ್ಮ ಬಲಗೈಯನ್ನು ಎಡಗೈಯಿಂದ ಎತ್ತಿ ಮೇಜಿನ ಮೇಲಿಟ್ಟರು.

"ನನಗೂ ಅದೇ ಬಂದೈತಿ ಮೇಡಂ. ಕೈ ಎತ್ತಾಕ ಆಗವಲ್ದು. ರೊಟ್ಟಿ ಬಡೀಬ್ಯಾಡ್ರಿ ಅಂತ ನೀವು ಒಂದು ಮಾತು ಇವರ ಮುಂದ ಹೇಳ್ಬೇಕು."

ಸ್ಮೃತಿ ಅವರ ಕೈಯನ್ನು ಮೇಲೆ, ಪಕ್ಕಕ್ಕೆ, ಹಿಂದಕ್ಕೆ ಆಡಿಸಿ ನೋಡಿದಳು.

"ಎಷ್ಟು ವರ್ಷದಿಂದ ರೊಟ್ಟಿ ಮಾಡ್ತಾ ಇದೀರಾ ಅಂಕಲ್?"

"ನಿನ್ನೆ ಮಧ್ಯಾಹ್ನದಿಂದ."

"ಹಾಗಿದ್ರೆ ಭಯ ಇಲ್ಲ. ಟೆಂಡನ್‌ಗೆ ಏನೂ ಆಗಿಲ್ಲ, ಅಭ್ಯಾಸ ಇಲ್ಲ ಅಷ್ಟೆ. ಎರಡು ದಿನ ಬಿಟ್ಟು ದಿನಾ ನಾಲ್ಕು ನಾಲ್ಕು ರೊಟ್ಟಿ ಮಾಡಿ, ತಾನಾಗೇ ಸರಿ ಹೋಗುತ್ತೆ."