ಹಡಪಸರದಲ್ಲಿ ನಮ್ಮ ಮನೆ ಯಾವುದು?

ಊರು ಬಿಟ್ಟು ಬಂದವರ ನಡುವೆ ಏನಾದರೊಂದು ಗಲಿಬಿಲಿ ಆಗುತ್ತಲೇ ಇರುತ್ತದೆ. ಒಂದನ್ನು ಸರಿ ಮಾಡುವಷ್ಟರಲ್ಲಿ ಇನ್ನೊಂದು.

ಕೆಳಗಿನ ಪ್ರಸಂಗಗಳು ಎಪ್ಪತ್ತರ ದಶಕದ ಕೊನೆಯವು. ಆಗ ನಾನು ಪುಣೆಯ ಹಡಪಸರದಲ್ಲಿ ಗೌಂಡಿ. ಇಟ್ಟಿಗೆ ಕಟ್ಟುವುದು, ಗಿಲಾವು ಮಾಡುವುದು ಕೆಲಸ. ನಮ್ಮನ್ನು ಬೈದು ದುಡಿಸಲು ಒಬ್ಬ ಮುಕಾದಮ ಇದ್ದ. ನನ್ನ ಜೊತೆಗಾರನೂ ಗೌಂಡಿ. ನಮ್ಮೂರಿನವನೇ, ಗುಲಬರ್ಗಾ ಕಡೆ. ಅವನಿಗೆ ಊರಲ್ಲಿ ಹೆಣ್ಣು ನೋಡಿದ್ದರು. ಹುಡುಗಿ ಇವನಿಗೆ ಮೆಚ್ಚಿಗೆ, ಹುಡುಗಿಗೆ ಇವನೂ ಮೆಚ್ಚಿಗೆ. ಹುಡುಗಿಯ ಅಪ್ಪ ಮಾತ್ರ ಷರತ್ತು ಹಾಕಿದ್ದ.

"ಪುಣಾಕ್ಕ ಬಂದು ಮನಿ ನೋಡ್ತೀನಿ. ಮನಿ ಇದ್ರ ಮಗಳ್ನ ಕೊಡ್ತೀನಿ. ಇಲ್ಲಂದ್ರ ಇಲ್ಲ."

ಮನೆ ಇತ್ತು. ಯಾವುದು ಎಂಬುದೇ ತಿಳಿಯುತ್ತಿರಲಿಲ್ಲ.

೧. ಕಾರಣ

ಒಂದು ದಿನ ಕಾಲೇಜಿನ ಮಾಸ್ತರರೊಬ್ಬರು ಕಟ್ಟಡಕ್ಕೆ ಬಂದರು. ಬೆಂಗಳೂರು ಕಡೆಯವರು. ಜನ ಊರು ಬಿಟ್ಟು ಯಾಕೆ ಬರುತ್ತಾರೆಂದು ಅವರಿಗೆ ತಿಳಿಯಬೇಕಿತ್ತು. ಜೊತೆಗಾರನನ್ನು ಹಿಡಿದರು.

"ನೀವು ಊರು ಬಿಡೋಕೆ ಕಾರಣ ಏನು?"

"ನಮ್ಮಣ್ಣ ಇಲ್ಲಿಗಿ ಬಂದಿದ್ದರಿ. ಅವಗ ವಾಪಸ್ ಕರ್ಕೊಂಡ್ ಹೋಗ್ಲಾಕ ಬಂದೆ."

"ಕರ್ಕೊಂಡು ಹೋದ್ರಾ?"

"ಇಲ್ರಿ, ನಾನೂ ಕೆಲಸಕ್ಕ ನಿಂತೆ. ಇಬ್ಬರಿಗೂ ಕರ್ಕೊಂಡ್ ಬಾ ಅಂತ ಅವ್ವ ಕಾಕಾಗ ಕಳಿಸಿದಳು."

"ಕಾಕಾ ಏನು ಮಾಡಿದ್ರು?"

"ಅಗೋ, ಅಲ್ಲಿ ಇಟ್ಟಂಗಿ ಹೊರ್ಲತ್ತಾನ ನೋಡ್ರಿ."

ಮಾಸ್ತರರು ಕನ್ನಡಕ ಒರೆಸಿಕೊಂಡರು. ವಲಸೆಯಲ್ಲಿ ಬಗೆಗಳಿವೆ, ಕೆಲವರದು ತಾತ್ಕಾಲಿಕ, ಕೆಲವರದು ಶಾಶ್ವತ ಎಂದು ಬಿಡಿಸಿ ಹೇಳಿದರು. "ಈಗ ನಿಮ್ಮದು ಯಾವುದು?"

ಜೊತೆಗಾರ ನನ್ನ ಮುಖ ನೋಡಿದ.

"ಮುಕಾದಮಗ ಕೇಳಿ ಹೇಳ್ತೀನ್ರಿ" ಎಂದ.

೨. ಎಷ್ಟು ಖೋಲಿ?

ನಮ್ಮಂಥವರಿಗೆ ಬೇರೆ ಮನೆ ಇರಲಿಲ್ಲ. ಕಟ್ಟುತ್ತಿರುವ ಕಟ್ಟಡದಲ್ಲೇ ವಾಸ. ಸ್ಲ್ಯಾಬ್ ಒಣಗಿದರೆ ಅದರ ಕೆಳಗೆ ಒಲೆ ಹೂಡುತ್ತಿದ್ದೆವು. ಬಾಗಿಲು ಕೂಡಿಸಲು ಬಡಿಗ ಬಂದನೆಂದರೆ ಗಂಟು ಕಟ್ಟಿ ಮುಂದಿನ ಕಟ್ಟಡಕ್ಕೆ ಹೊರಡುತ್ತಿದ್ದೆವು.

ಹೆಣ್ಣು ನೋಡಲು ಊರಿಗೆ ಹೋದಾಗ ಹುಡುಗಿಯ ಅಪ್ಪ ಎಲ್ಲರೆದುರು ಕೇಳಿದ. ನಾನೂ ಅಲ್ಲಿದ್ದೆ.

"ಮನಿ ಎಲ್ಲದಪಾ?"

"ಹಡಪಸರದಾಗ್ರಿ. ದೊಡ್ಡ ಹುಣಸಿ ಗಿಡದ ಬಾಜೂಕ. ಮೂರನೇ ಮಾಳಿಗಿ."

"ಎಷ್ಟು ಖೋಲಿ?"

"ಹನ್ನೆರಡ್ರಿ."

ಕೂತವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜೊತೆಗಾರ ಸುಳ್ಳು ಹೇಳಿರಲಿಲ್ಲ. ಯಾವ ಖೋಲಿಯಲ್ಲಿ ಬೇಕಾದರೂ ಮಲಗುತ್ತಿದ್ದೆವು.

"ಹನ್ನೆರಡು ಖೋಲಿಗಿ ಬಾಗಿಲು ಎಷ್ಟು?"

"ಬಾಗಿಲು ಒಂದೂ ಇಲ್ರಿ. ಬಂದ್ರ ನಾವ್ ಇರಂಗಿಲ್ಲ."

ಮುದುಕನಿಗೆ ಇದು ತಿಳಿಯಲಿಲ್ಲ. ಶಹರದ ಪದ್ಧತಿ ಇರಬೇಕೆಂದು ತಲೆ ಆಡಿಸಿದ.

೩. ಒಂದು ದಿನದ ಮನೆ

ನಾವು ಹಡಪಸರಕ್ಕೆ ಮರಳಿದಾಗ ಬಡಿಗ ಬಂದಾಗಿತ್ತು. ಎರಡು ಓಣಿ ಆಚೆ, ಹೊಸ ಕಟ್ಟಡಕ್ಕೆ ಹೋದೆವು. ಅಲ್ಲಿ ಇನ್ನೂ ಗೋಡೆಯೇ ಇರಲಿಲ್ಲ. ಮುದುಕನಿಗೆ ತೋರಿಸುವುದೇನು?

ಎದುರಿಗೊಂದು ಹೋಟೆಲ್ ಇತ್ತು. ಅದರ ಮಾಲೀಕನನ್ನು ಎಷ್ಟೋ ಕಾಲದಿಂದ ಬಲ್ಲೆವು. ನಾವು ಮರಾಠಿಯಲ್ಲಿ ಚಹಾ ಕೇಳುತ್ತಿದ್ದೆವು, ಅವನು ಮರಾಠಿಯಲ್ಲಿ ಕೊಡುತ್ತಿದ್ದ. ಎರಡೂ ಕಡೆಯ ಮರಾಠಿ ಕೆಟ್ಟದಾಗಿತ್ತು. ಅದಕ್ಕೇ ಚೆನ್ನಾಗಿ ಅರ್ಥವಾಗುತ್ತಿತ್ತು. ಒಂದು ದಿನದ ಮಟ್ಟಿಗೆ ನಿಮ್ಮ ಮನೆ ಕೊಡಿ ಎಂದು ಕೇಳಿದೆವು.

ಅವನು ಒಳಗಿನ ಅಡುಗೆಯವನಿಗೆ ಕೂಗಿದ: "ಕೇಳಿದ್ಯಾ ಮಾರಾಯಾ, ಇವರಿಗೆ ಒಂದು ದಿನಕ್ಕೆ ಮನೆ ಬೇಕಂತೆ!"

ಕನ್ನಡ! ಅವನು ಕುಂದಾಪುರದ ಕಡೆಯವನು. ಜೊತೆಗಾರ ಖುಷಿಯಿಂದ ಎಲ್ಲವನ್ನೂ ನಮ್ಮ ಕನ್ನಡದಲ್ಲಿ ಮೊದಲಿನಿಂದ ಹೇಳಿದ. ಮಾಲೀಕ ಕೇಳಿ ಕೇಳಿ ಸುಸ್ತಾದ.

"ಎಂತದೂ ಗೊತ್ತಾಗುದಿಲ್ಲ ಮಾರಾಯ್ರೆ. ಮರಾಠಿಯಲ್ಲೇ ಹೇಳಿ."

ಮರಾಠಿಯಲ್ಲಿ ಹೇಳಿದೆವು. ಅವನಿಗೂ ಮನೆ ಇರಲಿಲ್ಲ. ಹೋಟೆಲಿನ ಮೇಜು ಜೋಡಿಸಿಕೊಂಡು ಮಲಗುತ್ತಿದ್ದ.

"ನನ್ನ ಮದುವೆಯೂ ಇದಕ್ಕೇ ನಿಂತದ್ದು" ಎಂದ. "ನಿಮಗೆ ಮನೆ ಸಿಕ್ಕಿದರೆ ಮರುದಿನ ನನಗೆ ಕೊಡಿ."

೪. ಮನೆ ನೋಡಿದ್ದು

ಮುದುಕ ಬರುವ ದಿನ ನಾವು ಸ್ವಾರಗೇಟ ಬಸ್ ನಿಲ್ದಾಣದಲ್ಲಿ ಕಾದೆವು. ಅವನು ಹತ್ತಿದ್ದ ಸೋಲಾಪುರದ ಬಸ್ಸು ಹಡಪಸರ ದಾಟಿಯೇ ಅಲ್ಲಿಗೆ ಬರಬೇಕು. ಅವನು ಹಡಪಸರದಲ್ಲೇ ಇಳಿದುಬಿಟ್ಟ. ಹುಣಸೆ ಮರ ಸಿಕ್ಕಿತು. ಮೂರನೇ ಮಾಳಿಗೆ ಹತ್ತಿದ. ಬಾಗಿಲೂ ಬಂದಿದೆಯಲ್ಲ ಎಂದು ಸಂತೋಷಪಟ್ಟು ತಟ್ಟಿದ.

ತೆರೆದವಳು ಮರಾಠಿ ಹೆಣ್ಣುಮಗಳು. ಮನೆ ಕೊಂಡು ಬಂದವರು. ಮುದುಕನಿಗೆ ಮರಾಠಿ ಬಾರದು. "ಗೌಂಡಿ" ಎಂದ, ಅಷ್ಟೇ. ಆಕೆಯ ಮೋರಿಯ, ಅಂದರೆ ಬಚ್ಚಲಿನ, ಗೋಡೆ ಸೋರುತ್ತಿತ್ತು. ಗೌಂಡಿಯನ್ನು ಕಳಿಸಿರೆಂದು ಕಟ್ಟಿಸಿದವರಿಗೆ ಹೇಳಿ ಹೇಳಿ ಆಕೆಗೆ ಸಾಕಾಗಿತ್ತು. ಇವನೇ ಆ ಗೌಂಡಿ ಎಂದುಕೊಂಡಳು.

ನಾವು ಸೋತು ಮರಳಿದಾಗ ಮುದುಕ ನಮ್ಮ ಹೊಸ ಕಟ್ಟಡದ ಉಸುಕಿನ ಗುಡ್ಡೆಯ ಮೇಲೆ ಕೂತಿದ್ದ. ಇವನು ಗೌಂಡಿ ಅಲ್ಲವೆಂದು ತಿಳಿದ ಮೇಲೆ, ಗೌಂಡಿಗಳು ಇರುವುದು ಇಲ್ಲಿ ಎಂದು ಆಕೆಯೇ ಕೈಮಾಡಿ ತೋರಿಸಿದ್ದಳಂತೆ.

"ಮನಿ ನೋಡಿದೆ" ಎಂದ. ಮುಖ ಗಂಟಿಕ್ಕಿತ್ತು.

"ಯಾವ ಮನಿರಿ ಮಾವಾರ?"

"ನಿಂದೇ. ಭಾಳ ಛಲೋ ಅದ. ಫ್ಯಾನ್ ಅದ, ನೆಲದ ಫರಸಿ ಹೊಳೀತದ. ಎಲ್ಲಾ ಖರೆ. ಒಳಗ ಇದ್ದಾಕಿ ಯಾರು?"

ಜೊತೆಗಾರ ಬಾಯಿ ತೆರೆದ. ಮುದುಕ ಉತ್ತರಕ್ಕೆ ಕಾಯಲಿಲ್ಲ.

"ಗೌಂಡಿ ಅಂದ ಕೂಡ್ಲೆ ಒಳಗ ಕರದಳು. ಮೋರಿ ತೋರಿಸಿ ಬೈದಳು. ಗ್ವಾಡಿ ತೋರಿಸಿ ಬೈದಳು. ಕಡೀಕ ಚಹಾ ಕೊಟ್ಟಳು. ಇಷ್ಟು ಬೈದು ಚಹಾ ಕೊಡಾಕಿ ಹೆಂಡ್ತಿ ಅಲ್ಲದ ಮತ್ಯಾರೋ?"

ಜೊತೆಗಾರ ಲೆಕ್ಕ ಹಾಕಿದ. ಮನೆ ತನ್ನದೆಂದರೆ ಹೆಂಡತಿಯೂ ತನ್ನವಳು. ಹೆಂಡತಿ ಅಲ್ಲವೆಂದರೆ ಮನೆಯೂ ಹೋಯಿತು, ಹುಡುಗಿಯೂ ಹೋದಳು. ನನ್ನ ಕಡೆ ತಿರುಗಿ, "ನೀನೇ ಹೇಳೋ" ಎಂದ.

ಹೇಳಿದೆ. "ಆಕಿನೂ ಇವನಾಕಿ ಅಲ್ಲ. ಮನಿನೂ ಇವಂದಲ್ಲ."

"ಮತ್ತ ಇವಂದು ಯಾವುದು?"

ಮೇಲಕ್ಕೆ ಕರೆದೊಯ್ದೆವು. ಮೂರು ಕಡೆ ಗೋಡೆ ಇಲ್ಲ. ಒಂದು ಒಲೆ, ನಾಲ್ಕು ಗಂಟು, ಬೇಕಾದಷ್ಟು ಗಾಳಿ. ಮುದುಕ ಗಂಟಿನ ಮೇಲೆ ಕೂತ.

"ಇದು ಮುಗದ ಮ್ಯಾಲ?"

"ಇದೂ ಅದರಂಗೇ ಆಗ್ತದ್ರಿ. ಆವಾಗ ನಾವ್ ಬ್ಯಾರೆ ಕಡಿ ಹೋಗ್ತೀವಿ."

"ಅಂದ್ರ ಕೆಟ್ಟದ್ದು ಇರೂತನಕ ನಿಮ್ದು. ಛಲೋ ಆದ ಮ್ಯಾಲ ಮಂದೀದು."

"ಹೌದ್ರಿ."

ಮುದುಕ ಎದ್ದು ಸ್ಲ್ಯಾಬಿನ ಅಂಚಿನವರೆಗೆ ಹೋಗಿ ಬಂದ. ಜೊತೆಗಾರ ಉಗುರು ಕಚ್ಚಿದ. ಕೊನೆಗೆ ಮುದುಕನೇ ಉಸಿರು ಬಿಟ್ಟ.

"ಅಳಿಯಾಗ ಹೆಂಡ್ತಿ ಅದಾಳಂತ ಮುಂಜಾನಿಂದ ಹೊಟ್ಯಾಗ ಬೆಂಕಿ ಬಿದ್ದಿತ್ತು. ಹೆಂಡ್ತಿ ಇಲ್ಲಲ್ಲ, ಸಾಕು. ಮನಿ ಇಲ್ಲಂದ್ರ ನಡೀತದ. ಆದ್ರ ಮದುವಿ ಆದ ಮ್ಯಾಲ ನಮ್ಮ ಮಂದಿ ನೋಡ್ಲಾಕ ಬರ್ತಾರ. ಅಲ್ಲೀತನಕ ಇದನ್ನ ಮುಗಸಬ್ಯಾಡ್ರಿ."

ಒಪ್ಪಿದೆವು. ಮುಕಾದಮ ದಿನಾ ಬಂದು ಬೈದ. ಗೋಡೆ ಯಾಕೆ ಏಳುತ್ತಿಲ್ಲ ಎಂದ. ಕಟ್ಟಿದ್ದಕ್ಕೆ ನೀರು ಕುಡಿಸುತ್ತಿದ್ದೇವೆ, ಅವಸರ ಮಾಡಿದರೆ ಬಿರುಕು ಬಿಡುತ್ತದೆ ಎಂದೆವು. ಮದುವೆ ಮುಗಿದು ಬೀಗರು ಬರುವವರೆಗೂ ಕುಡಿಸುತ್ತಲೇ ಇದ್ದೆವು. ಅಷ್ಟರಲ್ಲಿ ಗೋಡೆಯ ಮೇಲೆ, ಸ್ಲ್ಯಾಬಿನ ಅಂಚಿನಲ್ಲಿ, ಎಲ್ಲ ಕಡೆ ಹಸಿರು ಹುಲ್ಲು ಎದ್ದಿತ್ತು.

ಬೀಗರು ಕೆಳಗಿನಿಂದ ನೋಡಿದರು. ಮೇಲೆ ಹತ್ತಿಯೂ ನೋಡಿದರು. ಊರಿಗೆ ಹೋಗಿ ಹೇಳಿದರಂತೆ: "ಹುಡುಗಂಗ ಪುಣಾದಾಗ ಬರೇ ಮನಿ ಅಲ್ಲ, ಮನಿ ಮ್ಯಾಲ ಹೊಲಾನೂ ಅದ."