ಇಳಿತದ ಲೆಕ್ಕದಲ್ಲಿ ಡೆನ್ಜಿಲ್

ಪೆನ್‌ಹೇಲ್ ಊರಿನ ಸಮುದ್ರದ ಲೆಕ್ಕ ಸಮುದ್ರಕ್ಕಿಂತ ತನಗೇ ಚೆನ್ನಾಗಿ ಗೊತ್ತು ಅಂತ ಡೆನ್ಜಿಲ್ ಮಹಾಶಯನ ನಂಬಿಕೆ. ಊರಿನ ನಡಿಗೆ ಸಂಘಕ್ಕೆ ಹೊಸ ಮುಂದಾಳು ಬೇಕಾಗಿತ್ತು. ಈ ಭಾನುವಾರ ಅಧ್ಯಕ್ಷೆ ಕರ್ನೋ ಮೇಡಂ ಅವರನ್ನು ಕಡಲಂಚಿನ ಗುಡ್ಡದ ಮೇಲೆ ಕರೆದೊಯ್ದು, ನೀರು ಇಳಿದಾಗ ಮರಳಿನ ಮೇಲೆ ವಾಪಸ್ ಕರೆತಂದುಬಿಟ್ಟರೆ ಆ ಪಟ್ಟ ಅವನದೇ.

"ಇಳಿತ ಎಷ್ಟೊತ್ತಿಗೆ ಅಂತ ನೋಡ್ಕೊಂಡ್ಯಾ?" ಎಂದಳು ಹೆಂಡತಿ ಟಾಮ್ಸಿನ್, ಬುತ್ತಿಗೆ ಕಡುಬಿನಂಥ ಪ್ಯಾಸ್ಟಿ ಕಟ್ಟುತ್ತಾ.

"ನಂಗೇ ಪಾಠ ಹೇಳ್ತೀಯಾ?"

ಉಬ್ಬರ ಇಳಿತದ ಪುಸ್ತಕದಲ್ಲಿ ಅಚ್ಚಾಗುವುದು ಚಳಿಗಾಲದ ಗಂಟೆ. ಬೇಸಿಗೆಯಲ್ಲಿ ಊರಿನ ಗಡಿಯಾರಗಳೆಲ್ಲ ಒಂದು ಗಂಟೆ ಮುಂದೆ ಹೋಗುವುದರಿಂದ ಅದಕ್ಕೆ ಒಂದು ಕೂಡಿಸಬೇಕು. ಅಡುಗೆಮನೆ ಕ್ಯಾಲೆಂಡರಿನಲ್ಲಿ ಟಾಮ್ಸಿನ್ ಬರೆದಿಟ್ಟಿದ್ದ 'ಇಳಿತ, ಹನ್ನೆರಡು' ನೋಡಿ, ಡೆನ್ಜಿಲ್ ಶ್ರದ್ಧೆಯಿಂದ ಒಂದು ಕೂಡಿಸಿಕೊಂಡು ಹೊರಟಿದ್ದ.

ಗುಡ್ಡದ ತುಂಬ ಹಳದಿ ಹೂ, ಕೆಳಗೆ ಬಂಡೆಗಳ ಮೇಲೆ ಮೈಚಾಚಿದ ಸೀಲ್ ಪ್ರಾಣಿಗಳು. "ಪ್ರವಾಸಿಗಳು ಒಂದು ಗಂಟೆ ಕೂಡಿಸೋದೇ ಮರೀತಾರೆ ಮೇಡಂ. ಪಾಪ, ಬುದ್ಧಿ ಕಮ್ಮಿ," ಎಂದು ದಾರಿಯುದ್ದಕ್ಕೂ ಕೊರೆದ. ಆರಾಮಾಗಿ ಪ್ಯಾಸ್ಟಿ ತಿಂದು, ಒಂದಕ್ಕೆ ಇಳಿದ ನೀರು ಮೂರರವರೆಗೂ ದಾರಿ ಬಿಡುತ್ತದೆ ಎಂಬ ಲೆಕ್ಕದಲ್ಲಿ ಎರಡೂಕಾಲಿಗೆ ಅವರನ್ನು ಮರಳಿಗೆ ಇಳಿಸಿದ.

ಮೂಲೆ ತಿರುಗಿದರೆ ಮರಳೇ ಇಲ್ಲ. ಬಂಡೆಗೋಡೆಯ ಬುಡದವರೆಗೂ ನೀರು. ಹಿಂತಿರುಗಿ ನೋಡಿದರೆ ಬಂದ ದಾರಿಯೂ ಮುಳುಗುತ್ತಿತ್ತು. ಇಬ್ಬರೂ ಏದುಸಿರು ಬಿಡುತ್ತಾ ಎತ್ತರದ ಬಂಡೆಯೊಂದನ್ನು ಹತ್ತಿ ಕೂತರು. ನೀರು ಅಲ್ಲಿಗೆ ಏರುವಂತಿರಲಿಲ್ಲ. ಡೆನ್ಜಿಲ್‌ನ ಮಾನ ಮಾತ್ರ ಆಗಲೇ ಮುಳುಗಿತ್ತು. ನಾಚಿಕೆಯಿಂದ ಮುಖ ಕೆಂಪಾಗಿ, ಮನೆಗೆ ಫೋನ್ ಮಾಡಿದ.

"ಕ್ಯಾಲೆಂಡರಲ್ಲಿ ಹನ್ನೆರಡು ಅಂತ ಬರ್ದಿದ್ಯಲ್ಲ, ನಾನು ಒಂದು ಕೂಡ್ಸಿದೆ."

"ಪ್ರತಿ ವರ್ಷ ನೀನು ಮರೀತೀಯ ಅಂತ ನಾನೇ ಕೂಡ್ಸಿ ಬರ್ದಿದ್ದೆ ಕಣೋ. ಅಲ್ಲೇ ಕೂತಿರು, ರಕ್ಷಣಾ ದೋಣಿಯವರಿಗೆ ಹೇಳ್ತೀನಿ."

ಕರ್ನೋ ಮೇಡಂ ಕೈ ಚಾಚಿ ಫೋನ್ ಇಸಿದುಕೊಂಡರು.

"ಟಾಮ್ಸಿನ್, ಆ ಕ್ಯಾಲೆಂಡರ್ ಬರ್ದಿದ್ದು ನೀವಾ? ಮುಂದಿನ ಭಾನುವಾರದಿಂದ ನಮ್ಮ ಮುಂದಾಳು ನೀವೇ."

"ಅಯ್ಯೋ, ನಂಗೆ ನಡಿಯೋದು ಅಂದ್ರೇನೇ ಬೇಜಾರು ಮೇಡಂ."

"ನಡಿಯೋಕೆ ನಿಮ್ಮ ಯಜಮಾನ್ರು ಇದಾರಲ್ಲ. ನೀವು ಮನೇಲೇ ಕೂತು, ಯಾವಾಗ ವಾಪಸ್ ಬರ್ಬೇಕು ಅಂತ ಅವರಿಗೆ ಹೇಳಿದ್ರೆ ಸಾಕು."

"ಅದಾ? ಅದನ್ನ ಮೂವತ್ತು ವರ್ಷದಿಂದ ಮಾಡ್ತಾನೇ ಇದೀನಿ."